ಸೇತುವೆ ದಾಟದ ಆಟ

ನ್ಯಾಮತಿಯ ನನ್ನ ರಿಪೇರಿ ಅಂಗಡಿಗೆ ಆ ಮಧ್ಯಾಹ್ನ ಹೇಮಾವತಿ ಕೆಂಡವಾಗಿಯೇ ಬಂದರು. ತೀರಿಹೋದ ಅಣ್ಣ ಅರ್ಧಕ್ಕೆ ಬಿಟ್ಟ ಕಂಪ್ಯೂಟರಿನ ಕಾರ್ ರೇಸ್ ಆಟವನ್ನು ಅವರು ಮುಗಿಸಬೇಕಿತ್ತು. ಡಿಸ್ಕಿನ ಗೀರಿನಿಂದಾಗಿ ಸೇತುವೆ ಬಂದೊಡನೆ ಆಟ ನಿಂತುಬಿಡುತ್ತಿತ್ತು.

“ಮೂರು ಸಲ ಪೇಸ್ಟ್ ಹಚ್ಚಿ ತಿಕ್ಕಿದ್ರಿ, ಗೀರು ಮತ್ತೆ ಅಲ್ಲೇ ಐತಲ್ರೀ! ಕೆಲಸ ಬರ್ತೈತೋ ಇಲ್ಲೋ?”

“ಮನೇಲಿ ಇದನ್ನ ಇಟ್ಕಂಡು ಪಾತ್ರೆ ತಿಕ್ತೀರೇನ್ರೀ?” ಎಂದು ನಾನೂ ರೇಗಿದೆ. ಮತ್ತೊಮ್ಮೆ ತಿಕ್ಕಿ, ಆಟವನ್ನು ಪೂರ್ತಿ ಕಂಪ್ಯೂಟರಿಗೇ ಇಳಿಸಿ, ಡಿಸ್ಕನ್ನು ಅವರ ಕೈಗಿತ್ತೆ.

ಅವರು ಆಡತೊಡಗಿದರು; ತೆರೆಯ ಮೇಲೆ ಕಾರು ಸೇತುವೆಯನ್ನು ಸಮೀಪಿಸಿತು. ಡಿಸ್ಕೇ ಇಲ್ಲದ ಖಾಲಿ ಡ್ರೈವ್ ಗರಗರನೆ ತಿರುಗಿತು, ಆಟ ನಿಂತಿತು.

ಹೇಮಾವತಿ ಮೇಜು ಗುದ್ದಿದರು. “ಸತ್ತ ಮೇಲೂ ನನಗೆ ಆಡಾಕೆ ಬಿಡಲ್ಲೇನೋ, ಅಣ್ಣಾ?”

ನಾನು ವೈರುಗಳನ್ನು ಕಿತ್ತು, ಡ್ರೈವನ್ನೇ ಹೊರತೆಗೆದೆ. ಅದು ತಣ್ಣಗೆ ಕೊರೆಯುತ್ತಿತ್ತು. ನನ್ನ ಅಂಗೈಯಲ್ಲಿಯೂ ತಿರುಗುತ್ತಲೇ ಇತ್ತು.