ಶನಿವಾರದ ಹಾಜರಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನರಸಿಂಹಮ್ಮ ಟೀಚರು ಶಾಲೆಯ ಉಗ್ರಾಣದ ಬೀಗ ತೆಗೆದರು. ಮಕ್ಕಳ ಉಪ್ಪಿಟ್ಟಿಗೆ ರವೆ ಅಳೆಯಬೇಕಿತ್ತು. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಒಳಗೆ ಏನೋ ಅಡ್ಡ ಇತ್ತು. ಭುಜ ಕೊಟ್ಟು ತಳ್ಳಿದರು. ಅಡ್ಡ ಇದ್ದದ್ದು ಒಂದು ಕಾಲು.

ಶಾಲಾ ಇನ್ಸ್‌ಪೆಕ್ಟರ್ ವೆಂಕಟೇಶಯ್ಯನವರು ರವೆ ಮೂಟೆಗಳ ನಡುವೆ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಕಪ್ಪಾಗಿ ಅಂಟಂಟಾಗಿತ್ತು. ನರಸಿಂಹಮ್ಮ ಅವರನ್ನು ಎತ್ತಲು ನೋಡಿದರು. ಕೈ ಸೋಕಿದ ಕೂಡಲೇ ತಿಳಿಯಿತು, ಎತ್ತಿ ಪ್ರಯೋಜನವಿಲ್ಲ.

ಅಂಗಳದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದರು. ಟೀಚರ ಕೂಗಿಗೆ ಸಾಲು ಚೆಲ್ಲಾಪಿಲ್ಲಿಯಾಯಿತು.

*

ಗುಬ್ಬಿ ಠಾಣೆಯ ಎಸ್ಸೈ ಮುನಾವರ್ ಪಾಷಾ ತೋಪಿನಪಾಳ್ಯಕ್ಕೆ ಬಂದಾಗ ಹತ್ತೂವರೆ. ಗುಬ್ಬಿಯಿಂದ ಐದೇ ಮೈಲಿ. ಆದರೆ ಆ ರಸ್ತೆಯಲ್ಲಿ ಜೀಪಿಗಿಂತ ಎತ್ತಿನಗಾಡಿಯೇ ವಾಸಿ. ಶಾಲೆಯೆಂದರೆ ಬಾಡಿಗೆ ಕಟ್ಟಡದ ಮೂರು ಕೋಣೆ, ಒಂದು ಉಗ್ರಾಣ. ಹಿಂದೆ ಕೂಗಳತೆಯಲ್ಲಿ ಇಟ್ಟಿಗೆ ಗೂಡು. ಫೆಬ್ರವರಿ ಗಾಳಿಗೆ ಅಲ್ಲಿಂದ ಕೆಂಪು ಧೂಳು ಎದ್ದು ಬಂದು ಶಾಲೆಯ ಹೆಂಚು, ಕಿಟಕಿ, ಕೊನೆಗೆ ಮಕ್ಕಳ ರೆಪ್ಪೆಯ ಮೇಲೂ ಕೂತಿತ್ತು. ಮುನಾವರ್‌ಗೆ ಆ ಜಾಗ ಕಂಡ ಕ್ಷಣವೇ ಹಿಡಿಸಲಿಲ್ಲ. ಅರವತ್ತು ಮಕ್ಕಳಿದ್ದೂ ಒಂದು ಪಿಟ್ಟೆನ್ನುವ ಸದ್ದಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರು ಹೆಣ ನೋಡಿ, "ಶನಿವಾರ ಮಧ್ಯಾಹ್ನ ಸತ್ತಿದ್ದಾರೆ. ಹಿಂದಿನಿಂದ ಇಟ್ಟಿಗೆಯಂಥದ್ದರಲ್ಲಿ ಹೊಡೆದಿದ್ದಾರೆ" ಎಂದರು.

"ಬಾಗಿಲ ಬೀಗ ಒಡೆದಿಲ್ಲ ಸಾರ್," ಎಂದ ದಫೇದಾರ್ ದ್ಯಾವಪ್ಪ. "ಕೀ ಇರೋದು ಒಂದೇ. ಅದು ಟೀಚರಮ್ಮನ ಸೊಂಟದಲ್ಲಿ."

ಕೀ ಮಾತ್ರವಲ್ಲ. ಸೆರಗಿನಲ್ಲಿ ರಕ್ತದ ಕಲೆ. ಮೇಜಿನ ಮೇಲೆ ವೆಂಕಟೇಶಯ್ಯನವರು ಹಿಂದಿನ ತಿಂಗಳು ಕೊಟ್ಟಿದ್ದ ಮೆಮೊ: ಏಳನೇ ತರಗತಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಪ್ಪತ್ತೆರಡಕ್ಕೆ ನಾಲ್ಕೇ ಪಾಸು, ಸುಧಾರಿಸದಿದ್ದರೆ ಅಮಾನತು. ಮೆಮೊ ಬಂದ ದಿನ ಟೀಚರು ಇನ್ಸ್‌ಪೆಕ್ಟರ ಎದುರು ಕಿರುಚಾಡಿದ್ದನ್ನು ಊರೇ ಕೇಳಿತ್ತು.

ತುಮಕೂರಿಂದ ಸರ್ಕಲ್ ಸಾಹೇಬರು ಬಂದರು. ಜೀಪಿನಿಂದ ಪೂರ್ತಿ ಇಳಿಯಲೂ ಇಲ್ಲ.

"ಇನ್ನೇನ್ರೀ ಬೇಕು ನಿಮಗೆ? ಸಂಜೆ ಐದಕ್ಕೆ ಆಕೇನ ತುಮಕೂರಿಗೆ ಕರ್ಕೊಂಬನ್ನಿ. ಸತ್ತಿರೋರು ಸರ್ಕಾರಿ ಅಧಿಕಾರಿ. ಮೇಲಿಂದ ಫೋನ್ ಬರ್ತಾ ಇದೆ."

ನರಸಿಂಹಮ್ಮ ಕಿಟಕಿಯ ಕಂಬಿ ಹಿಡಿದು ಕೂತಿದ್ದರು. ಗಂಡ ಸತ್ತು ಒಂಬತ್ತು ವರ್ಷ. ಈ ಕೆಲಸ ಬಿಟ್ಟರೆ ಬೇರೆ ಆಸರೆಯಿಲ್ಲ.

"ಕಿರುಚಾಡಿದ್ದು ನಿಜ ಸಾರ್. ಮೂರು ಕ್ಲಾಸಿಗೆ ನಾನೊಬ್ಳೇ. ಪರೀಕ್ಷೆ ಬರೆಯೋ ಹುಡುಗ್ರಲ್ಲಿ ಅರ್ಧಕ್ಕರ್ಧ ಶಾಲೆ ಮುಖಾನೇ ನೋಡಿಲ್ಲ. ಫೇಲಾದ್ರೆ ಬೈಸ್ಕೊಳೋಳು ಮಾತ್ರ ನಾನು. ಸಿಟ್ಟು ಬಂತು, ಕೂಗಿದೆ. ಕೊಂದಿಲ್ಲ ಸಾರ್. ಆ ಸಾಹೇಬ್ರೊಬ್ರೇ ನನ್ನ ಮಾತು ಕೇಳಿಸ್ಕೊಂಡಿದ್ದು. ಒಂದಿನ ಹೇಳದೆ ಬರ್ತೀನಿ, ಮಕ್ಕಳನ್ನ ಎಣಿಸ್ತೀನಿ ಅಂದಿದ್ರು."

ಮುನಾವರ್‌ಗೆ ಆಕೆ ಹೇಳುತ್ತಿರುವುದು ನಿಜ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಮ್ಯಾಜಿಸ್ಟ್ರೇಟರು ಕೇಳುವುದಿಲ್ಲವಲ್ಲ.

ಅಷ್ಟರಲ್ಲಿ ಎಳನೀರು ಹೊರಿಸಿಕೊಂಡು ಶಾಲಾಭಿವೃದ್ಧಿ ಸಮಿತಿಯ ಛೇರ್ಮನ್ ಪುಟ್ಟರಂಗಯ್ಯ ಬಂದ. ಕಟ್ಟಡದ ಮಾಲೀಕ, ಇಟ್ಟಿಗೆ ಗೂಡಿನ ಧಣಿ. ಬಿಳಿ ಪಂಚೆ, ನಗುವ ಮುಖ.

"ಪಾಪ, ಹೆಂಗ್ಸು ಸಾರ್. ಸಿಟ್ಟಲ್ಲಿ ಏನೋ ಆಗೋಯ್ತು. ನಮ್ಮೂರಿಗೆ ಹೈಸ್ಕೂಲು ಬರೋ ಟೈಮಲ್ಲಿ ಇಂಥ ಕಳಂಕ." ನಿಟ್ಟುಸಿರಿಟ್ಟ. "ಸಂಜೆ ಐದಕ್ಕೆ ಹೊಸ ಗೂಡಿಗೆ ಬೆಂಕಿ ಕೊಡ್ತೀವಿ. ಪೂಜೆ ಐತೆ. ಪ್ರಸಾದಕ್ಕೆ ಬರ್ಬೇಕು."

*

ಹೆಡ್‌ಮಾಸ್ಟರ್ ಪಟ್ಟಾಭಿರಾಮ ಶನಿವಾರ ಹನ್ನೆರಡರ ಬಸ್ಸಿಗೆ ಬಟವಾಡಿಯ ಮನೆಗೆ ಹೋದವರು, ಈ ದಿನ ಬೆಳಿಗ್ಗೆ ಬಂದಿದ್ದರು. ನಾಲ್ಕು ತಿಂಗಳಲ್ಲಿ ನಿವೃತ್ತಿ. ಕೇಳುವ ಮೊದಲೇ ಹೇಳಿಕೆ ಕೊಟ್ಟರು.

"ಶನಿವಾರ ಇನ್ಸ್‌ಪೆಕ್ಟರ್ ಸಾಹೇಬರು ಬಂದರು, ಎಣಿಸಿದರು, ತೃಪ್ತಿಪಟ್ಟರು. ಹನ್ನೊಂದೂವರೆಗೆ ಬೆಲ್ ಹೊಡೆಸಿದೆ. 'ನೀವು ಹೊರಡಿ, ನಾನು ಉಗ್ರಾಣ ನೋಡಿ ಬರ್ತೀನಿ' ಅಂದ್ರು. ಟೀಚರು ತೆಗೆದುಕೊಟ್ರು. ಇಷ್ಟೇ ನನಗೆ ಗೊತ್ತು."

"ಅವರು ನೋಡಿದ ಹಾಜರಿ ರಿಜಿಸ್ಟರ್ ಕೊಡಿ."

ರಿಜಿಸ್ಟರ್ ಬಂತು. ಹೊಚ್ಚ ಹೊಸದು. ಫೆಬ್ರವರಿ ಒಂದರಿಂದ ಶುರು. ತೊಂಬತ್ತೇಳು ಹೆಸರು.

"ಹೊಸದಾಗಿದೆಯಲ್ಲ ಮೇಷ್ಟ್ರೇ?"

"ಹಳೇದು ತುಂಬಿತ್ತು."

"ಬರೆದದ್ದು?"

ರಿಜಿಸ್ಟರ್ ಕಡೆ ನೋಡದೆ, "ನಾನೇ" ಎಂದರು ಪಟ್ಟಾಭಿರಾಮ.

ಮುನಾವರ್ ಗೋಡೆ ನೋಡಿದ. ಉಪ್ಪಿಟ್ಟಿನ ತಟ್ಟೆಗಳನ್ನು ಮೊಳೆಗೆ ಸಾಲಾಗಿ ನೇತುಹಾಕಿದ್ದರು. ಒಂದೊಂದರ ಮೇಲೂ ಮಗುವಿನ ಹೆಸರು. ರಿಜಿಸ್ಟರ್ ಜೊತೆ ತಾಳೆ ನೋಡುತ್ತಾ ಎಣಿಸಿದ. ಅರವತ್ತಾರು.

ತೊಂಬತ್ತೇಳು ಮಕ್ಕಳು, ಅರವತ್ತಾರು ತಟ್ಟೆ. ಉಳಿದ ಮೂವತ್ತೊಂದು ಮಕ್ಕಳಿಗೆ ಹಸಿವೇ ಇಲ್ಲವೇ? ಅವನಿಗೆ ಹೆಡ್‌ಮಾಸ್ಟರ ಮೇಲೆ ಗುಮಾನಿ ಹುಟ್ಟಿತು. ಸುಳ್ಳು ಹೆಸರು ಬರೆದವನು ಸಿಕ್ಕಿಬಿದ್ದರೆ ಪಿಂಚಣಿ ಹೋಗುತ್ತದೆ. ಕೊಲ್ಲಲು ಅಷ್ಟು ಸಾಕು. ಆದರೆ ಬಸ್ಸಿನ ಕಂಡಕ್ಟರು ಸಾಕ್ಷಿ ಹೇಳಿದ: ಮೇಷ್ಟ್ರು ಶನಿವಾರ ಹನ್ನೆರಡಕ್ಕೆ ಹತ್ತಿದವರು ಬಟವಾಡಿಯಲ್ಲೇ ಇಳಿದದ್ದು. ಬಸ್ಸು ಹೊರಟ ಮೇಲೂ ವೆಂಕಟೇಶಯ್ಯ ಬದುಕಿದ್ದರು. ಬಾವಿಕಟ್ಟೆಯಲ್ಲಿ ಅವರು ನೀರು ಕುಡಿದದ್ದನ್ನು ಕಂಡವರು ಮೂವರಿದ್ದರು.

ಗಡಿಯಾರ ಮೂರು ತೋರಿಸಿತು. ನರಸಿಂಹಮ್ಮ ತಮ್ಮ ಬೆಳ್ಳಿ ಬಳೆ ಬಿಚ್ಚಿ ಕಾಗದದಲ್ಲಿ ಸುತ್ತುತ್ತಿದ್ದರು. ಜೈಲಿನಲ್ಲಿ ಬಳೆ ಬಿಚ್ಚಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಅದನ್ನು ಕಂಡು ಮುನಾವರ್ ಮತ್ತೆ ರಿಜಿಸ್ಟರ್ ತೆಗೆದ.

*

ಮುನಾವರ್‌ನ ತಂದೆ ಬುಡನ್ ಸಾಬ್ ಮರಳೂರಿನ ಕಡೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಬೆಲ್ ಹೊಡೆದವರು. ಮಗನಿಗೆ ಆಸ್ತಿ ಮಾಡಲಿಲ್ಲ, ಶಾಲೆಯ ಕಟ್ಟಳೆಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಬೆಳಿಗ್ಗೆ ಬಂದ ಮಗುವಿಗೆ ಒಂದು ಓರೆ ಗೆರೆ. ಮಧ್ಯಾಹ್ನ ಮತ್ತೆ ಹಾಜರಿ ಕೂಗಿ ಅದರ ಮೇಲೆ ಇನ್ನೊಂದು ಅಡ್ಡ ಗೆರೆ. ಎರಡೂ ಸೇರಿ ಕತ್ತರಿ ಗುರುತಾದರೆ ಮಗು ಇಡೀ ದಿನ ಶಾಲೆಯಲ್ಲಿತ್ತು ಎಂದರ್ಥ.

ಶನಿವಾರಗಳಲ್ಲಿ ಬುಡನ್ ಸಾಬ್ ಹನ್ನೆರಡಕ್ಕೆಲ್ಲ ಮನೆಗೆ ಬರುತ್ತಿದ್ದರು. ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಕೆರೆ ಏರಿಗೆ ಹೋಗುತ್ತಿದ್ದರು.

ಮುನಾವರ್‌ನ ಬೆರಳು ಪುಟದ ಮೇಲೆ ನಿಂತುಬಿಟ್ಟಿತು.

"ದ್ಯಾವಪ್ಪ, ಮೂರನೇ ತಾರೀಕು ಏನು ವಾರ?"

"ಶನಿವಾರ ಸಾರ್."

"ಹತ್ತು?"

"ಅದೂ ಶನಿವಾರವೇ. ಸಾಹೇಬ್ರು ಸತ್ತ ದಿನ."

"ಮೇಷ್ಟ್ರೇ, ಇಲ್ಲಿ ಬನ್ನಿ. ಶನಿವಾರ ನಿಮ್ಮಲ್ಲಿ ಮಧ್ಯಾಹ್ನ ಹಾಜರಿ ಕೂಗ್ತೀರಾ?"

"ಇಲ್ಲ... ಬೆಳಗಿನ ಶಾಲೆ ಮಾತ್ರ. ಒಂದೇ ಗೆರೆ."

"ಎರಡು ಶನಿವಾರ. ಎರಡರಲ್ಲೂ ಎಲ್ಲರಿಗೂ ಕತ್ತರಿ ಗುರುತು. ಮೂವತ್ತೈದು ವರ್ಷ ಹಾಜರಿ ಹಾಕಿದ ಕೈ ಇದನ್ನು ಬರೆಯೋಕೆ ಸಾಧ್ಯವಾ? ನಿದ್ದೆಗಣ್ಣಲ್ಲೂ ಶನಿವಾರದಲ್ಲಿ ನಿಮ್ಮ ಕೈ ಒಂದೇ ಗೆರೆಗೆ ನಿಲ್ಲುತ್ತೆ. ಟೀಚರಮ್ಮನ ಕೈಯೂ ಅಷ್ಟೆ. ಇದನ್ನು ಬರೆದೋರು ಶಾಲೆಯೋರೇ ಅಲ್ಲ. ನಾನೇ ಅಂತ ಯಾಕೆ ಸುಳ್ಳು ಹೇಳಿದ್ರಿ?"

ಪಟ್ಟಾಭಿರಾಮ ಕುರ್ಚಿ ಎಳೆದು ಕೂತರು.

"ಬೆಳಿಗ್ಗೆ ಬಂದಾಗ ಮೇಜಿನ ಮೇಲೆ ಇದಿತ್ತು ಸಾರ್. ಹಳೇದು ಇರಲಿಲ್ಲ. ಯಾರಿಟ್ರು ಅಂತ ಗೊತ್ತಾಯ್ತು. ಬಾಯಿ ಬಿಡೋ ಧೈರ್ಯ ಬರಲಿಲ್ಲ. ಆ ಮೂವತ್ತೊಂದು ಹೆಸರು ಮೊದಲು ಸೇರಿಸಿದ ಪಾಪ ನನ್ನದೇ. ಸಂಖ್ಯೆ ಇಲ್ಲದಿದ್ರೆ ಹೈಸ್ಕೂಲು ಬರಲ್ಲ, ಬರೀರಿ ಅಂದ್ರು ಛೇರ್ಮನ್ರು."

"ಉಗ್ರಾಣಕ್ಕೆ ಎರಡನೇ ಕೀ ಇದೆಯಾ?"

"ಬೀಗ ತಂದೋರು ಅವರೇ. ಹೊಸ ಬೀಗಕ್ಕೆ ಎರಡು ಕೀ ಇರುತ್ತಲ್ಲ ಸಾರ್."

ಹೊರಗೆ ಗಾಳಿ ಬೀಸಿತು. ಇಟ್ಟಿಗೆ ಗೂಡಿನ ಕಡೆಯಿಂದ ಕರ್ಪೂರದ ವಾಸನೆ ಬಂತು. ಐದಕ್ಕೆ ಎಂದಿದ್ದ ಪೂಜೆ ಆಗಲೇ ಶುರುವಾಗಿತ್ತು.

"ದ್ಯಾವಪ್ಪ, ಓಡು! ಗೂಡಿಗೆ ಬೆಂಕಿ ಬೀಳಬಾರದು!" ಎಂದ ಮುನಾವರ್.

*

ಗೂಡು ಎರಡಾಳೆತ್ತರ ನಿಂತಿತ್ತು. ಹಸಿ ಇಟ್ಟಿಗೆ ಜೋಡಿಸಿ, ಹೊರಗೆ ಮಣ್ಣು ಮೆತ್ತಿ, ಬುಡದಲ್ಲಿ ಸಾಲಾಗಿ ಬೆಂಕಿಗಂಡಿ ಬಿಟ್ಟಿದ್ದರು. ಪುಟ್ಟರಂಗಯ್ಯ ಮಂಗಳಾರತಿ ಎತ್ತಿ ಮೊದಲ ಗಂಡಿಯ ಕಡೆ ಬಾಗುತ್ತಿದ್ದ.

"ತಡೀರಿ," ಎಂದ ಮುನಾವರ್. "ಮೊದಲು ನಿಮ್ಮ ಕೂಲಿ ಹಾಜರಿ ಪುಸ್ತಕ ತೋರಿಸಿ."

"ಈಗ್ಯಾಕೆ ಸಾರ್? ಮುಹೂರ್ತ ಮೀರೋಯ್ತದೆ."

ಪುಸ್ತಕವನ್ನು ದ್ಯಾವಪ್ಪನೇ ಗುಡಿಸಲಿನಿಂದ ತಂದ. ಮುನಾವರ್ ಎರಡನ್ನೂ ಅಕ್ಕಪಕ್ಕ ಹಿಡಿದ. ಅದೇ ಕತ್ತರಿ ಗುರುತು. ಶನಿವಾರಕ್ಕೂ ಕತ್ತರಿ ಗುರುತೇ. ಇಟ್ಟಿಗೆ ಗೂಡಿನಲ್ಲಿ ಶನಿವಾರ ಅರ್ಧ ದಿನ ಎಂಬುದುಂಟೇ?

ಅವನು ಶಾಲೆಯ ರಿಜಿಸ್ಟರ್ ತೆಗೆದು, ಧೂಳಿನ ನಡುವೆ ನಿಂತು, ತಟ್ಟೆಯಿಲ್ಲದ ಮಕ್ಕಳ ಹೆಸರು ಕೂಗತೊಡಗಿದ.

"ಗಂಗಲಕ್ಷ್ಮಮ್ಮ!"

ಇಟ್ಟಿಗೆ ರಾಶಿಯ ಹಿಂದಿನಿಂದ ಸಣ್ಣ ದನಿ ಬಂತು.

"ಏನ್ ಸಾಮಿ?"

ಹತ್ತು ವರ್ಷದ ಹುಡುಗಿ. ತಲೆಯ ಮೇಲೆ ಆರು ಇಟ್ಟಿಗೆ.

"ಅಡವಿಯಪ್ಪ!"

"ಇಲ್ಲಿವ್ನಿ ಸಾಮಿ."

"ಹಜರಾ!"

"ಇದೀನಿ."

ಹೆಸರು ಕೂಗಿದಂತೆಲ್ಲ ಒಬ್ಬೊಬ್ಬರೇ ಮಣ್ಣಿನ ಗುಂಡಿಯಿಂದ, ರಾಶಿಗಳ ಸಂದಿಯಿಂದ ಹೊರಬಂದರು. ಕುಣಿಗಲ್ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. 'ಹಾಜರ್ ಸಾರ್' ಎನ್ನಬೇಕೆಂದು ಒಂದಕ್ಕೂ ಗೊತ್ತಿರಲಿಲ್ಲ. ದ್ಯಾವಪ್ಪ ಮುಖ ಆ ಕಡೆ ತಿರುಗಿಸಿಕೊಂಡ. ಮುನಾವರ್ ಮೂವತ್ತೊಂದನ್ನೂ ಕೂಗಿ ಮುಗಿಸಿದ.

"ಈ ಮಕ್ಕಳು ಒಂದೇ ಹೊತ್ತಲ್ಲಿ ಎರಡು ಕಡೆ ಹಾಜರಿದ್ದಾರೆ, ಛೇರ್ಮನ್ರೇ. ಶನಿವಾರ ವೆಂಕಟೇಶಯ್ಯನವರು ಇದನ್ನೇ ಕಂಡುಹಿಡಿದ್ರು. ಶಾಲೇಲಿ ಎಣಿಸಿದ್ರು, ತಲೆ ಕಡಿಮೆ ಬಂತು. ಮೇಷ್ಟ್ರನ್ನ ಕಳಿಸಿ, ರಿಜಿಸ್ಟರ್ ಹಿಡ್ಕೊಂಡು ಇಲ್ಲಿಗೆ ಬಂದು ಒಂದೊಂದೇ ಹೆಸರಿಗೆ ಗುರುತು ಹಾಕಿರ್ಬೇಕು, ಅದಕ್ಕೇ ಹಳೇ ರಿಜಿಸ್ಟರ್ ಮಾಯ. ಈ ವರದಿ ಹೋದ್ರೆ ನಿಮಗೆ ಹೈಸ್ಕೂಲಿನ ಬಾಡಿಗೆಯೂ ಇಲ್ಲ, ಈ ಅಗ್ಗದ ಕೈಗಳೂ ಇಲ್ಲ. ಅವರು ಉಗ್ರಾಣ ನೋಡೋಕೆ ವಾಪಸ್ ಹೋದಾಗ ಹಿಂದೆ ಹೋದ್ರಿ."

"ಉಗ್ರಾಣದ ಕೀ ಟೀಚರತ್ರ ಇತ್ತಲ್ಲ!"

"ಅವರು ಬಾಗಿಲು ತೆಗೆದುಕೊಟ್ಟು, ಒತ್ತಿದ್ರೆ ತಾನಾಗೇ ಬೀಳೋ ಬೀಗ ಅಂತ ಕೀ ಸಮೇತ ಮನೆಗೆ ಹೋದ್ರು. ನೀವು ಕೊಂದು ಬೀಗ ಒತ್ತಿದ್ರಿ; ನಿಮ್ಮ ಎರಡನೇ ಕೀಯೂ ಬೇಕಾಗಲಿಲ್ಲ. ಶಾಲೆ ಕಟ್ಟಡವೇ ನಿಮ್ಮದು. ಭಾನುವಾರ ಹೊಸ ರಿಜಿಸ್ಟರ್ ಬರೆದು ಒಳಗಿಟ್ರಿ. ಅಕ್ಷರ ಹಳೇದರ ನಕಲು ಮಾಡಿದ್ರಿ. ಆದರೆ ಕೈ ಮಾತ್ರ ಕೂಲಿ ಹಾಜರಿ ಹಾಕೋ ಕೈ. ಶನಿವಾರದಲ್ಲಿ ಅದು ನಿಲ್ಲಲಿಲ್ಲ."

"ಬರೀ ಗೆರೆ ನೋಡಿ ನೇಣು ಹಾಕ್ತೀರಾ ಸಾರ್?" ಪುಟ್ಟರಂಗಯ್ಯನ ನಗು ಇನ್ನೂ ಮಾಸಿರಲಿಲ್ಲ.

"ಇಲ್ಲ. ಐದರ ಪೂಜೆಗೆ ಇಷ್ಟು ಆತುರಪಟ್ರಲ್ಲ, ಅದನ್ನು ನೋಡಿ. ದ್ಯಾವಪ್ಪ, ಆ ಗಂಡಿಗೆ ಕೈ ಹಾಕು."

ದ್ಯಾವಪ್ಪ ಮೊದಲ ಗಂಡಿಯ ಸೌದೆ ಎಳೆದ. ಹಿಂದೆ ಗೋಣಿತಾಟಿನ ಸುರುಳಿ. ಬಿಚ್ಚಿದರೆ ಹಳೆಯ ರಿಜಿಸ್ಟರ್, ರಕ್ತ ಮೆತ್ತಿದ ಅರ್ಧ ಇಟ್ಟಿಗೆ, ರಕ್ತ ಸಿಡಿದ ಒಂದು ಬಿಳಿ ಅಂಗಿ. ರಿಜಿಸ್ಟರಿನಲ್ಲಿ ಮೂವತ್ತೊಂದು ಹೆಸರಿಗೂ ಕೆಂಪು ಶಾಯಿಯ ಸುತ್ತು. ಕೆಳಗೆ ವೆಂಕಟೇಶಯ್ಯನವರ ದುಂಡಗಿನ ಅಕ್ಷರ: 'ಈ ಮಕ್ಕಳೆಲ್ಲ ಇಟ್ಟಿಗೆ ಗೂಡಿನಲ್ಲಿದ್ದಾರೆ. ಫಲಿತಾಂಶ ಕುಸಿದದ್ದಕ್ಕೆ ಶಿಕ್ಷಕಿ ಹೊಣೆಯಲ್ಲ. ಮೆಮೊ ಹಿಂಪಡೆಯಲಾಗಿದೆ.'

ಪುಟ್ಟರಂಗಯ್ಯನ ಕೈಯಿಂದ ಆರತಿ ತಟ್ಟೆ ಜಾರಿತು.

*

ಗೂಡಿಗೆ ಆ ದಿನ ಬೆಂಕಿ ಬೀಳಲಿಲ್ಲ. ಜೀಪಿನ ಹಿಂದೆ ಛೇರ್ಮನ್ ಕೂತ. ಪಕ್ಕದಲ್ಲಿ, ಸುಳ್ಳು ಹೆಸರು ಬರೆದ ತಪ್ಪಿಗೆ, ಪಟ್ಟಾಭಿರಾಮರೂ ಕೂತರು.

ಮುನಾವರ್ ಶಾಲೆಗೆ ಬಂದಾಗ ಮೂವತ್ತೊಂದು ಮಕ್ಕಳೂ ಅವನ ಹಿಂದೆಯೇ ಬಂದಿದ್ದವು. ಯಾರೂ ಕರೆದಿರಲಿಲ್ಲ. ಹೆಸರು ಕೂಗಿದ್ದು ಅವನೇ ಆದ್ದರಿಂದ ಇನ್ನೇನೋ ಹೇಳುತ್ತಾನೆಂದು ಕಾದು ನಿಂತವು.

ನರಸಿಂಹಮ್ಮ ಹಳೆಯ ರಿಜಿಸ್ಟರಿನಲ್ಲಿ ತಮ್ಮ ಮೆಮೊ ಕುರಿತ ಸಾಲನ್ನು ಎರಡು ಸಲ ಓದಿದರು. ಕಾಗದದಿಂದ ಬಳೆ ತೆಗೆದು ಹಾಕಿಕೊಂಡರು. ಅಳು ಒತ್ತರಿಸಿ ಬಂತು, ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಇವತ್ತು ಇವರಿಗೆ ಹಾಜರಿ ಹಾಕಬಹುದಾ ಸಾರ್?"

"ಆ ರಿಜಿಸ್ಟರ್ ಕೋರ್ಟಿಗೆ ಹೋಗುತ್ತೆ ಟೀಚರಮ್ಮ. ಬೇರೆ ಹಾಳೆ ತಗೊಳ್ಳಿ."

ಅವರು ಬಿಳಿ ಹಾಳೆಯ ಮೇಲೆ ತಾರೀಕು ಬರೆದರು. ಮೊದಲು ಗಂಗಲಕ್ಷ್ಮಮ್ಮನ ಹೆಸರು. ಅದರ ಮುಂದೆ ಬೆಳಗಿನ ಗೆರೆಯ ಜಾಗ ಖಾಲಿ ಬಿಟ್ಟು, ಮಧ್ಯಾಹ್ನದ ಒಂದು ಗೆರೆ ಎಳೆದರು.