ನದಿ ಕೋಟೆಗೆ ಬಂದ ಸಂಬಂಧ

ಮೇಷ್ಟ್ರು ಸಂಬಂಧದ ಮಾತೆತ್ತಿದರು. ಪುಟ್ಟಿ ಅದಕ್ಕೆ ಬದಲಾಗಿ ಒಂದು ಕೋಟೆ ಕೇಳಿದಳು. ಎಡವಟ್ಟಾಗಿದ್ದು ಅಲ್ಲೇ.

ಭಾನುವಾರದ ಮಧ್ಯಾಹ್ನ, ಅಣ್ಣನ ಮನೆಯ ಮಹಡಿ ಕೋಣೆ. ಹಳೇ ಟೇಬಲ್ ಟೆನಿಸ್ ಹಲಗೆಯ ಮೇಲೆ ಹಸಿರು ಬಟ್ಟೆ, ಬಟ್ಟೆಯಡಿ ಪುಸ್ತಕ ತುರುಕಿ ಎಬ್ಬಿಸಿದ ಗುಡ್ಡಗಳು, ನಡುವೆ ರಿಬ್ಬನ್ನಿನ ನದಿ, ದಡದಲ್ಲಿ ರಟ್ಟಿನ ಕೋಟೆಗಳು. ನದಿಯ ಈಚೆ ಮೂಡಣ ರಾಜ್ಯ, ಆಚೆ ಪಡುವಣ ರಾಜ್ಯ. ಎರಡೂ ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲ. ಮೇಷ್ಟ್ರು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವರು. ಇರುವ ದೇಶಗಳು ಸಾಲದೆಂದು ಇನ್ನೆರಡನ್ನು ತಾವೇ ಹುಟ್ಟಿಸಿ ಭೂಪಟ ಬರೆದಿದ್ದರು. ಕಾಲ ಹದಿನೆಂಟನೇ ಶತಮಾನ. ಮೂರು ಮೂಲೆಯ ಟೋಪಿ, ಮೊಣಕಾಲು ಮುಟ್ಟುವ ಕೋಟು, ಉದ್ದನೆಯ ಬಂದೂಕು; ಹೆಬ್ಬೆರಳಿಗಿಂತ ಗಿಡ್ಡ ಸೀಸದ ಸಿಪಾಯಿಗಳು. ನೀಲಿ ಕೋಟಿನ ಪಡುವಣಕ್ಕೆ ಮೇಷ್ಟ್ರು ದೊರೆ, ಬಿಳಿ ಕೋಟಿನ ಮೂಡಣಕ್ಕೆ ಪುಟ್ಟಿ ರಾಣಿ. ದಾಳ ಉರುಳಿಸುವುದು, ಟೇಪು ಹಿಡಿದು ಅಳೆಯುವುದು, ಜಗಳ ಬಿಡಿಸುವುದು ಅಣ್ಣನ ಕೆಲಸ.

ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ದಿನವಿಡೀ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ಮಾಡುತ್ತಿದ್ದಳು. ಮನೆಗೆ ಬಂದರೆ ಅದೇ ಕೈಯಲ್ಲಿ ಎರಡೇ ಕೂದಲಿರುವಂಥ ಬ್ರಷ್ಷು ಹಿಡಿದು ಸಿಪಾಯಿಗಳ ಕೋಟಿನ ಗುಂಡಿಗಳಿಗೆ, ಬೆಲ್ಟಿನ ಬಕಲ್ಲಿಗೆ ಬಣ್ಣ. ಮದುವೆಯ ಮಾತಾಡಲು ಬಂದವರೆಲ್ಲ ಕಪಾಟಿನ ಸೈನ್ಯ ನೋಡಿ "ಇನ್ನೂ ಗೊಂಬೆ ಆಟಾನಾ?" ಎಂದು ನಕ್ಕಿದ್ದರು. ಅಣ್ಣನ ಗೆಳೆಯರಾಗಿ ಮನೆಗೆ ಬಂದ ಮೊದಲ ದಿನ ಮೇಷ್ಟ್ರು ಮಾತ್ರ ನಗಲಿಲ್ಲ. ಡೋಲು ಬಾರಿಸುವವನೊಬ್ಬನನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಷ್ಟು ಚಿಕ್ಕ ಮುಖಕ್ಕೂ ಕಣ್ಣು ಬರೀತೀರಾ?" ಎಂದು ಕೇಳಿದ್ದರು.

"ಕಣ್ಣಿಲ್ಲದೋರನ್ನ ಯುದ್ಧಕ್ಕೆ ಕಳಿಸೋಕಾಗುತ್ತಾ?"

ಆಗ ಅವರು ಡೋಲಿನವನನ್ನು ಬಿಟ್ಟು ಅವಳನ್ನು ನೋಡಿದ್ದರು. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ಈ ಭಾನುವಾರ ಮಾತ್ರ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಬ್ಬನೇ ಕುದುರೆ ಸವಾರನನ್ನು ಎತ್ತುವುದು, ಇಡುವುದು, ಮತ್ತೆ ಎತ್ತುವುದು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಎಷ್ಟು ದಿನ ಅಂತ ಹೀಗೆ ಹೊಡೆದಾಡೋದು? ನಿಮ್ಮ ಮನೆಗೂ ನಮ್ಮ ಮನೆಗೂ ಒಂದು ಸಂಬಂಧ ಆಗಿಬಿಟ್ರೆ ಹೇಗೆ?"

ಪುಟ್ಟಿ ಆಟದ ಗುಂಗಿನಲ್ಲಿದ್ದಳು. ಪಡುವಣಕ್ಕೆ ಮದುವೆಯಾಗದ ಯುವರಾಜನೊಬ್ಬ ಇದ್ದಾನೆಂದು ಮೇಷ್ಟ್ರೇ ಎಂದೋ ಕಥೆ ಕಟ್ಟಿದ್ದರು. ಕುದುರೆ ಸೈನ್ಯ ಸವೆದಿದೆ, ಅದಕ್ಕೇ ರಾಜಿಗೆ ಬಂದಿದ್ದಾರೆ ಎಂದುಕೊಂಡಳು.

"ಮೊದಲು ನದಿ ಕೋಟೆ ಬಿಟ್ಟುಕೊಡಿ. ಹುಡುಗಿ ವಿಷಯ ಆಮೇಲೆ."

"ಕೋಟೆ ತಾನೇ? ತಗೊಳ್ಳಿ."

ಮೇಷ್ಟ್ರು ರಟ್ಟಿನ ಕೋಟೆಯೊಳಗಿಂದ ತಮ್ಮ ನೀಲಿ ಕೋಟಿನವರನ್ನು ಒಬ್ಬೊಬ್ಬರಾಗಿ ಎತ್ತಿ ಹೊರಗಿಟ್ಟರು. ಅಣ್ಣನ ಕೈಯಿಂದ ಟೇಪು ಜಾರಿ ಸರ್ರನೆ ಒಳಸೇರಿತು. ಆ ಕೋಟೆಗಾಗಿ ಬೇಸಿಗೆಯಿಡೀ ಕಾದಾಡಿದ್ದರು!

ಪುಟ್ಟಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ಸಲೀಸಾಗಿ ಕೊಟ್ರೆ ಪಕ್ಕದ ಕೋಟೇನೂ ಕೇಳ್ತೀನಿ. ಹುಡುಗಿ ಅಂತೂ ಸಿಗಲ್ಲ, ಮೇಷ್ಟ್ರೇ!"

ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. ಟೀ ಬರುವ ಮೊದಲೇ ಏನೋ ನೆವ ಹೇಳಿ, ನೀಲಿ ಸೈನ್ಯವನ್ನು ಮೊಟ್ಟೆ ಟ್ರೇಗಳಲ್ಲಿ ತುಂಬಿಕೊಂಡು ಮೆಟ್ಟಿಲಿಳಿದು ಹೋದರು.

"ಇದು ಬಲೆ," ಎಂದ ಅಣ್ಣ. "ಗುಡ್ಡದ ಹಿಂದೆ ಫಿರಂಗಿ ಇಟ್ಟಿದ್ದಾರೆ. ನೀನು ಕೋಟೆ ಒಳಗೆ ಕಾಲಿಡು, ಗೊತ್ತಾಗುತ್ತೆ."

ಮೆಟ್ಟಿಲಲ್ಲೇ ಎಲ್ಲ ಕೇಳಿಸಿಕೊಂಡು ಟೀ ಲೋಟ ಹಿಡಿದು ಬಂದ ಅತ್ತಿಗೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ತಲೆ. ಅವ್ರು ಕೇಳಿದ್ದು ಇವಳನ್ನ."

"ನಿಂಗೇನೇ ಗೊತ್ತು ಯುದ್ಧದ ವಿಷಯ?"

"ಯುದ್ಧದ್ದು ಗೊತ್ತಿಲ್ಲ. ಆ ಮನುಷ್ಯ ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ಅದು ಗೊತ್ತು."

ಪುಟ್ಟಿ ಗುಡ್ಡದ ಹಿಂದೆ ಬಗ್ಗಿ ನೋಡಿದಳು. ಫಿರಂಗಿ ಇರಲಿಲ್ಲ.

ಆ ವಾರವೆಲ್ಲ ಅವಳ ತಲೆ ಕಲಸಿದ ಬಣ್ಣದ ತಟ್ಟೆಯಾಗಿತ್ತು. ಲ್ಯಾಬಿನಲ್ಲಿ ಎಡದ ಕೋರೆಹಲ್ಲನ್ನು ಬಲಕ್ಕೆ ಕೂರಿಸಿದಳು. ತೆಗೆದು, ಮತ್ತೆ ಬಲಕ್ಕೇ ಕೂರಿಸಿದಳು. ಅವರು ಕೇಳಿದ್ದು ಆಟಕ್ಕೇ ಆಗಿದ್ದರೆ, ತಾನು ಹೋಗಿ ವಿಚಾರಿಸಿದರೆ ನಗೆಪಾಟಲು. ನಿಜಕ್ಕೇ ಕೇಳಿದ್ದರೆ, ತಾನು ಅವರ ಎದುರೇ ಕಿಲಕಿಲ ನಕ್ಕಿದ್ದೇನೆ. ಯಾವುದಾಗಿದ್ದರೆ ಒಳ್ಳೆಯದು? ಒಮ್ಮೆ ಅದು, ಒಮ್ಮೆ ಇದು ಎನಿಸಿತು.

ಮುಂದಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಅಣ್ಣನಿಗೆ ಫೋನ್ ಬಂತು. ಮಾತು ಮುಗಿಸಿ ಅಣ್ಣ ಪೆಚ್ಚುಮೋರೆ ಹಾಕಿಕೊಂಡು ಕೂತ. "ಶಾಲೆ ಕೆಲಸ ಜಾಸ್ತಿಯಂತೆ. ಇನ್ನು ಆಡಲ್ಲವಂತೆ. ಪಡುವಣದ ಸೈನ್ಯಾನ ನಮಗೇ ಕೊಟ್ಟುಬಿಡ್ತಾರಂತೆ. ನೋಡು ಪುಟ್ಟಿ, ನಾವು ಗೆದ್ವಿ."

ಗೆದ್ದ ರಾಣಿ ಹಲಗೆಯ ಮುಂದೆ ನಿಂತಳು. ತನ್ನ ಬಿಳಿ ಕೋಟಿನವರು ನದಿ ಕೋಟೆಯಲ್ಲಿ ಬಂದೂಕು ಹಿಡಿದು ಖಾಲಿ ಬಯಲನ್ನು ನೋಡುತ್ತಿದ್ದರು. ಪ್ರತಿ ಭಾನುವಾರ ತನಗೆ ಬೇಕಾಗಿದ್ದುದು ಯುದ್ಧವೋ, ಶತ್ರುವೋ? ಉತ್ತರ ಹೊಳೆಯುವ ಮೊದಲೇ ಕಾಲು ಚಪ್ಪಲಿ ಹುಡುಕುತ್ತಿತ್ತು.

"ಎಲ್ಲಿಗೇ?" ಅಣ್ಣ ಕೂಗಿದ.

"ಸೈನ್ಯ ತರೋಕೆ," ಅತ್ತಿಗೆ ಒಳಗಿಂದಲೇ ಉತ್ತರಿಸಿದಳು.

ಸೈಕಲ್ ಅಂಗಡಿಯ ಮೇಲೆ ಮೇಷ್ಟ್ರ ಎರಡು ಕೋಣೆ. ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ಮೇಜು, ಮೇಜಿನ ತುಂಬ ಮೊಟ್ಟೆ ಟ್ರೇಗಳು, ಟ್ರೇಯ ಒಂದೊಂದು ಗುಳಿಯಲ್ಲೂ ಹತ್ತಿ ಹಾಸಿ ಮಲಗಿಸಿದ ನೀಲಿ ಸಿಪಾಯಿ. ಮೇಷ್ಟ್ರು ಕೈಯಲ್ಲಿ ಬ್ರಷ್ಷು ಹಿಡಿದು ಕೂತಿದ್ದವರು ಧಡಕ್ಕನೆ ಎದ್ದರು.

"ನೀವ್ಯಾಕೆ ಬರೋಕೆ ಹೋದ್ರಿ? ನಾನೇ ತಂದುಕೊಡ್ತಿದ್ದೆ. ಕೆಲವರಿಗೆ ಬಣ್ಣ ಎದ್ದುಹೋಗಿತ್ತು, ಹಾಗೇ ಕೊಡೋದು ಸರಿಯಲ್ಲ ಅಂತ..."

"ಒಂದು ವಿಷಯ ಕೇಳ್ತೀನಿ. ಸರಿಯಾಗಿ ಹೇಳಿ." ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. "ಅವತ್ತು ಸಂಬಂಧ ಕೇಳಿದ್ದು ಯಾರಿಗೆ? ನಿಮ್ಮ ಯುವರಾಜನಿಗಾ, ನಿಮಗಾ?"

ಮೇಷ್ಟ್ರು ಬ್ರಷ್ಷನ್ನು ಟ್ರೇಯ ಪಕ್ಕ ಇಟ್ಟರು.

"ನಿಜ ಹೇಳ್ಲಾ? ನನಗೇ ಗೊತ್ತಾಗ್ಲಿಲ್ಲ. ಬಾಯಿ ತೆಗೆದಾಗ ಯುವರಾಜನಿಗೇ ಅಂದ್ಕೊಂಡಿದ್ದೆ. ನೇರವಾಗಿ ಕೇಳೋ ಧೈರ್ಯ ಇರ್ಲಿಲ್ವಲ್ಲ. ಮಾತು ಮುಗಿಸೋ ಹೊತ್ತಿಗೆ ನನಗೇ ಕೇಳಿದ ಹಾಗಾಗಿತ್ತು. ನೀವು ಕೋಟೆ ಕೇಳಿದ್ರಿ. ಓಹೋ ಒಪ್ಪಿದ್ರು ಅಂತ ಕೊಟ್ಟುಬಿಟ್ಟೆ. ಆಮೇಲೆ ಹುಡುಗಿ ಸಿಗಲ್ಲ ಅಂದ್ರಿ."

"ನಾನು ಅಂದಿದ್ದು ಮೂಡಣದ ಹುಡುಗಿ!"

"ಮೂಡಣದಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾವ ಹುಡುಗಿ ಇದ್ದಾಳೆ?"

ಪುಟ್ಟಿ ಯೋಚಿಸಿದಳು. ಇಷ್ಟು ದಿನದ ಆಟದಲ್ಲಿ ಸೇನಾಪತಿಗಳಿಗೆ, ಡೋಲಿನವರಿಗೆ, ಹೇಸರಗತ್ತೆಗಳಿಗೂ ಹೆಸರಿಟ್ಟಿದ್ದರು. ಹುಡುಗಿ ಎಂದು ಇದ್ದವಳು ಒಬ್ಬಳೇ. ಕಿವಿಯವರೆಗೂ ಬಿಸಿಯೇರಿತು.

"ಹಾಗಿದ್ರೆ... ಒಪ್ಪಿಗೆ," ಎಂದಳು.

ಮೇಷ್ಟ್ರು ಗಾಬರಿಯಾದರು. "ಇದು ರಾಣಿ ಹೇಳ್ತಿರೋದಾ?"

"ರಾಣಿ ಹಾಳಾಗಿ ಹೋಗ್ಲಿ. ನಾನು ಹೇಳ್ತಿರೋದು."

ಮೇಷ್ಟ್ರು ಮೇಜಿನ ಮೇಲಿದ್ದ ಲೋಟವನ್ನೆತ್ತಿ ಗಟಗಟ ಕುಡಿದರು. ಅದು ಟೀ ಲೋಟವಲ್ಲ, ಬ್ರಷ್ಷು ಅದ್ದುವ ನೀರು ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಅಯ್ಯೋ, ಉಗೀರಿ! ಎಲ್ಲಿ, ಬಾಯಿ ತೆಗೀರಿ."

ಮೇಷ್ಟ್ರು ಕಿಟಕಿಯಾಚೆ ಉಗಿದು, ಶಾಲೆಯ ಮಗುವಿನಂತೆ ಬಾಯಿ ತೆರೆದರು. ತುಟಿ, ನಾಲಗೆ, ಹಲ್ಲು ಎಲ್ಲವೂ ನೀಲಿ. ಪುಟ್ಟಿ ಮೇಜಿನ ಮೇಲಿದ್ದ ಬಟ್ಟೆ ಚೂರು ತೆಗೆದುಕೊಂಡು ಹತ್ತಿರ ಬಂದಳು. ಕಂಡವರ ಹಲ್ಲುಗಳ ನಡುವೆಯೇ ದಿನ ಕಳೆಯುವವಳು ಅಂದು ಹಲ್ಲಿನ ಗೊಡವೆಗೆ ಹೋಗದೆ ತುಟಿಯಿಂದಲೇ ಶುರುಮಾಡಿದಳು. ತುಟಿಯ ಅಂಚನ್ನು ಒರೆಸುತ್ತ ಕಣ್ಣೆತ್ತಿದರೆ, ಮೇಷ್ಟ್ರ ಕಣ್ಣು ತೀರಾ ಹತ್ತಿರದಲ್ಲಿತ್ತು. ಒರೆಸುವುದು ಅಲ್ಲಿಗೇ ನಿಂತಿತು.

ಸಂಜೆ ಅವಳು ಮನೆಗೆ ಬಂದಾಗ ಅತ್ತಿಗೆ ಬಾಗಿಲು ತೆರೆದಳು. ಏನೋ ಕೇಳಲು ಹೊರಟವಳು ಪುಟ್ಟಿಯ ಮುಖ ನೋಡಿದಳು. ಒಳಗೆ ಹೋಗಿ ಕನ್ನಡಿ ತಂದು ಅವಳ ನೀಲಿ ತುಟಿಯ ಎದುರು ಹಿಡಿದಳು.