ಆರಿಹೋಗುತ್ತಿದ್ದ ಜ್ವಾಲೆ

"ಅಂದ್ರೆ, ನೀವು ದಾಳ ಉರುಳಿಸ್ತೀರಿ. ಅದನ್ನ ವಿಜ್ಞಾನ ಅಂತೀರಿ."

ಸೊಲೇನ್ ಹಾಗೆಂದಾಗ ತುಲೂಸ್ ನಗರದ ಆ ಪ್ರಯೋಗಾಲಯದ ಸಭಾಂಗಣದಲ್ಲಿ ತಲೆಗಳೆಲ್ಲ ಅವಳತ್ತ ತಿರುಗಿದವು. ವೇದಿಕೆಯ ಮೇಲಿದ್ದ ಗಿಲೇನ್ ಅವಳನ್ನೇ ನೋಡಿದ. ಕೋಪವಿರಲಿಲ್ಲ... ಕಣ್ಣಲ್ಲಿ ತುಂಟ ನಗು.

"ಹೌದು. ನಿಮ್ಮ ಬಲೆಯಿಂದ ಜಾರಿದ್ದನ್ನ ಹಿಡಿಯೋಕೆ."

ಅವಳ ಕೆನ್ನೆ ಬಿಸಿಯಾಯಿತು. 'ಎಷ್ಟು ಸೊಕ್ಕು ಇವನಿಗೆ...'

ವಿಮಾನದ ಎಂಜಿನ್ನಿನೊಳಗೆ ಗಾಳಿ ಹೇಗೆ ಸುಳಿಸುಳಿಯಾಗಿ ಹರಿಯುತ್ತದೆ, ಜ್ವಾಲೆ ಹೇಗೆ ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ಇಬ್ಬರ ಕೆಲಸ. ಸೊಲೇನ್ ಜಾಗವನ್ನೆಲ್ಲ ಪುಟ್ಟ ಚೌಕಗಳ ಬಲೆಯಾಗಿ ಹೆಣೆದು ಸಮೀಕರಣ ಬಿಡಿಸುತ್ತಿದ್ದಳು. ಚೌಕಕ್ಕಿಂತ ಸಣ್ಣ ಸುಳಿಗಳಿಗೆ ಅಂದಾಜೇ ಗತಿ. ಗಿಲೇನ್ ಲಕ್ಷಾಂತರ ಕಾಲ್ಪನಿಕ ಕಣಗಳನ್ನು ಹರಿಯಬಿಟ್ಟು, ಅವುಗಳ ಅಲೆದಾಟವನ್ನು ದಾಳ ಉರುಳಿಸಿದಂತೆ ಸಂಭವನೀಯತೆಗೆ ಒಪ್ಪಿಸುತ್ತಿದ್ದ.

"ಜಗಳ ಸಾಕು," ಎಂದರು ನಿರ್ದೇಶಕಿ ಮದಾಮ್ ರೋಕ್ಫೇಯ್. "ದೊಡ್ಡ ಸುಳಿ ಅವಳದು, ಸಣ್ಣದು ನಿನ್ನದು. ಎರಡನ್ನೂ ಬೆಸೆಯಿರಿ."

ಬೆಸೆಯುತ್ತ ಬೆಸೆಯುತ್ತ ಚಳಿಗಾಲ ಕಳೆಯಿತು. ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಕೂತು ಒಂದೇ ಬ್ರೆಡ್ಡನ್ನು ಮುರಿದು ತಿನ್ನುವುದು ರೂಢಿಯಾಯಿತು. 'ನೀವು' ಹೋಗಿ 'ನೀನು' ಬಂತು. ಅವನು ಬಾರದ ದಿನ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ಆದರೆ ಲೆಕ್ಕ ಮಾತ್ರ ಕೂಡಿಬರಲಿಲ್ಲ. ನಿಜವಾದ ಪ್ರಯೋಗದಲ್ಲಿ ಉರಿಯುತ್ತಿದ್ದ ಜ್ವಾಲೆ ಅವರ ಕಂಪ್ಯೂಟರಿನಲ್ಲಿ ಪ್ರತಿ ಸಲವೂ ಆರಿಹೋಗುತ್ತಿತ್ತು.

ಒಂದು ಬೆಳಿಗ್ಗೆ, ನಿರ್ದೇಶಕಿಯ ಕೋಣೆಯಿಂದ ಗಿಲೇನನ ದನಿ ಕೇಳಿಸಿತು.

"ಸೊಲೇನ್ ಹಾಕಿದ್ದನ್ನ ತೆಗೆದುಬಿಡೋಣ ಮೇಡಂ. ನಂದೊಂದೇ ಸಾಕು."

ಹೊರಗಿದ್ದ ಸೊಲೇನ್ ಬಾಗಿಲು ತಟ್ಟದೆಯೇ ಹಿಂದಿರುಗಿದಳು. 'ಇಷ್ಟೇನಾ ನಾನು?'

ಜರ್ಮನಿಯ ಆಖೆನ್‌ನಿಂದ ಮೊದಲೇ ಬಂದಿದ್ದ ಕೆಲಸದ ಕರೆಗೆ ಅಂದೇ ಒಪ್ಪಿಕೊಂಡಳು. ಸುದ್ದಿ ತಿಳಿದು ಗಿಲೇನ್ ಕಾಲುವೆ ದಂಡೆಗೆ ಓಡಿಬಂದ.

"ಜರ್ಮನಿಗೆ ಹೋಗ್ತೀಯಂತೆ?"

"ನಿಂದೊಂದೇ ಸಾಕಲ್ಲ. ನಾನ್ಯಾಕೆ ಇರ್ಲಿ?"

ಅವನು ತಲೆ ಚಚ್ಚಿಕೊಂಡ.

"ಅಯ್ಯೋ ಪುಣ್ಯಾತ್ಗಿತ್ತಿ, ಅದು ಸಣ್ಣ ಸುಳಿಯ ಅಂದಾಜಿನ ಮಾತು. ಅದನ್ನ ನೀನೂ ಸೇರಿಸಿದ್ದೆ, ನಾನೂ ಸೇರಿಸಿದ್ದೆ. ಕಲಕಿದ್ದನ್ನೇ ಎರಡು ಸಲ ಕಲಕಿ ನಾವೇ ಬೆಂಕಿ ಆರಿಸ್ತಿದ್ವಿ. ನಿನ್ನ ಪ್ರೋಗ್ರಾಮಿನ ಆ ಒಂದು ಸಾಲು ತೆಗೆದೆ, ಜ್ವಾಲೆ ನಿಂತಿದೆ. ನಿನ್ನ ದೊಡ್ಡ ಸುಳಿಗಳಿಲ್ದೆ ನನ್ನ ಕಣಗಳಿಗೆ ದಾರೀನೇ ಗೊತ್ತಾಗಲ್ಲ ಕಣೇ."

ಸೊಲೇನ್ ತುಟಿ ಕಚ್ಚಿಕೊಂಡಳು. ಎಂಥ ಪೆದ್ದಿ ತಾನು...

"ಬಾಗಿಲು ತಟ್ಟಿ ಕೇಳ್ಬಾರ್ದಿತ್ತಾ?" ಎಂದ ಅವನು.

"ಭಯ ಆಯ್ತು," ಎಂದಳು ಮೆಲ್ಲಗೆ. "ಆದ್ರೆ ಒಪ್ಪಿಗೆ ಕೊಟ್ಟಾಯ್ತಲ್ಲ..."

"ವಾಪಸ್ ತಗೋ."

"ಕೆಲಸಕ್ಕೋಸ್ಕರಾನಾ?"

"ಅಲ್ಲ." ಅವನ ಕಿವಿ ಕೆಂಪಾಯಿತು. "ನಂಗೋಸ್ಕರ. ನೀನಂದ್ರೆ ನಂಗೆ ಇಷ್ಟ, ಸೊಲೇನ್. ತುಂಬಾ."

"ವಾಪಸ್ ತಗೋತೀನಿ," ಎನ್ನುತ್ತ ಅವಳು ಅವನ ಭುಜಕ್ಕೆ ಒರಗಿದಳು. ನೀರಿನ ಮೇಲೆ ದೋಣಿಯೊಂದು ನಿಧಾನವಾಗಿ ಸಾಗುತ್ತಿತ್ತು.

"ಇಷ್ಟು ಹೇಳೋಕೆ ಒಂದು ಚಳಿಗಾಲ ಬೇಕಾಯ್ತಾ?"

"ನಂಗೆ ಮಾತು ಬರಲ್ಲ."

"ಇನ್ನೊಂದ್ಸಲ ಹೇಳು. ಬರುತ್ತೆ."

ಅವನು ಹೇಳಿದ.